ಡೌಲಾ ತರಬೇತಿ: ಮೂರು ಕೋರ್ಸ್ ಮುಂದಿವೆ, ಯಾವುದಕ್ಕೆ ಸೇರಲಿ?

ಹೊಸಹೆಜ್ಜೆ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಚರ್ಚೆಗಳನ್ನು ಒಂದು ವರ್ಷದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನಗೆ ಡೌಲಾ ಆಗಬೇಕು, ಅಂದರೆ ಹೆರಿಗೆಯ ಹೊತ್ತಿನಲ್ಲಿ ತಾಯಿಯ ಪಕ್ಕದಲ್ಲೇ ಇದ್ದು ಧೈರ್ಯ, ಆಸರೆ ಕೊಡುವ ಜೊತೆಗಾತಿ. ಎರಡು ವರ್ಷದ ಹಿಂದೆ ನನ್ನ ತಂಗಿಗೆ ಬೇನೆ ಶುರುವಾದಾಗ ಹನ್ನೊಂದು ಗಂಟೆ ಅವಳ ಪಕ್ಕದಲ್ಲಿದ್ದೆ. ಏನು ಮಾಡಿದೆ ಅಂತ ಕೇಳಿದರೆ ಹೇಳಲು ದೊಡ್ಡದೇನೂ ಇಲ್ಲ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಬೇನೆ ಬಂದಾಗಲೆಲ್ಲ ನಾನು ನಿಧಾನವಾಗಿ ಉಸಿರು ಬಿಡುತ್ತಿದ್ದೆ, ಅವಳು ನನ್ನ ಮುಖ ನೋಡಿಕೊಂಡು ತಾನೂ ಬಿಡುತ್ತಿದ್ದಳು. ಮಧ್ಯೆ ಒಂದೇ ಒಂದು ಸಲ ಫೋನ್ ಬಂತು ಅಂತ ಹೊರಗೆ ಹೋಗಿ ಬಂದೆ. ಮಗು ಹುಟ್ಟಿ ನಾಲ್ಕು ದಿನ ಆದ ಮೇಲೆ ಅವಳು ಹೇಳಿದಳು: "ಅಕ್ಕಾ, ಅವತ್ತು ಇಡೀ ದಿನದಲ್ಲಿ ನನಗೆ ನಿಜವಾಗಿ ಹೆದರಿಕೆ ಆಗಿದ್ದು ನೀನು ಫೋನ್ ಹಿಡ್ಕೊಂಡು ಆಚೆ ಹೋದಾಗ ಮಾತ್ರ." ಆ ಮಾತು ಕಿವಿಯಲ್ಲೇ ಉಳಿದುಬಿಟ್ಟಿದೆ.

ಈಗ ಮೂರು ತರಬೇತಿಗಳನ್ನು ನೋಡಿಟ್ಟುಕೊಂಡಿದ್ದೇನೆ. ಒಂದು, ಅಂತರರಾಷ್ಟ್ರೀಯ ಸಂಸ್ಥೆಯದು. ಮೂರು ದಿನ ಎದುರಿಗೇ ಕೂತು ಕಲಿಯುವ ಕಾರ್ಯಾಗಾರ, ಆಮೇಲೆ ನಾವೇ ಹೆರಿಗೆಗಳಿಗೆ ಹೋಗಿ ದಾಖಲೆ ಒಪ್ಪಿಸಿದರೆ ಪ್ರಮಾಣಪತ್ರ. ಎರಡನೆಯದು ಪೂರ್ತಿ ಆನ್‌ಲೈನ್. ವಿಡಿಯೊಗಳು, ಪ್ರತಿ ಪಾಠದ ಕೊನೆಗೆ ಪ್ರಶ್ನೆಗಳು. ನಮ್ಮ ಪಾಡಿಗೆ ನಾವು ಮುಗಿಸಬಹುದು, ಮುಗಿಸಿದ ದಿನವೇ ಸರ್ಟಿಫಿಕೇಟ್. ಮೂರನೆಯದು ಹಿರಿಯ ಡೌಲಾ ಒಬ್ಬರು ಐದಾರು ಜನರನ್ನು ಮಾತ್ರ ಸೇರಿಸಿಕೊಂಡು ಆರು ತಿಂಗಳು ಕಲಿಸುವುದು. ಅವರಿಗೆ ದೊಡ್ಡ ಹೆಸರಿಲ್ಲ, ವೆಬ್‌ಸೈಟೂ ಅಷ್ಟಕ್ಕಷ್ಟೇ. ಆದರೆ ತಮ್ಮ ಜೊತೆ ಹೆರಿಗೆಗೆ ಕರೆದುಕೊಂಡು ಹೋಗುತ್ತಾರಂತೆ.

ನನಗೆ ಇನ್ನೂ ಮಕ್ಕಳಿಲ್ಲ. ನರ್ಸಿಂಗ್ ಓದಿಲ್ಲ, ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. "ಹೆರಿಗೆ ನೋವು ಹೆತ್ತವಳಿಗೇ ಗೊತ್ತು, ನಿನಗೇನು ಗೊತ್ತಾಗುತ್ತೆ" ಅಂತ ಹತ್ತಿರದವರೇ ಅಂದಿದ್ದಾರೆ. ಅದೂ ಮನಸ್ಸಿನಲ್ಲಿದೆ. ಈ ದಾರಿಯಲ್ಲಿ ನಡೆದವರು ಹೇಳಿ: ಯಾವುದನ್ನು ನೋಡಿ ಆರಿಸಬೇಕು?

ಬೆಳಗಿನಜಾವ ಉತ್ತರ

ತಂಗಿ ಅಂತ ಕರೀತೀನಿ, ತಪ್ಪು ತಿಳ್ಕೋಬೇಡಿ. ನಾನು ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಎರಡು ಸಲ ತರಬೇತಿ ತಗೊಂಡೆ, ಮೊದಲನೇದನ್ನ ತಪ್ಪಾಗಿ ಆರಿಸ್ಕೊಂಡಿದ್ದೆ. ಅದಕ್ಕೇ ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೀಬೇಕು ಅನ್ನಿಸ್ತು. ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ.

ಮೊದಲು ಆ ಹೆತ್ತವಳ ಮಾತು. ಅದನ್ನ ಇವತ್ತೇ ತಲೆಯಿಂದ ತೆಗೆದುಹಾಕಿ. ನಾನು ಹೆತ್ತಿರೋದು ಎರಡು. ನನ್ನ ಎರಡು ಹೆರಿಗೆಗಳು ಈ ಕೆಲಸದಲ್ಲಿ ನನಗೆ ಸಹಾಯ ಮಾಡಿದ್ದಕ್ಕಿಂತ ಅಡ್ಡ ಬಂದಿದ್ದೇ ಹೆಚ್ಚು. ಮೊದಮೊದಲು ಯಾರಿಗಾದರೂ ಬೇನೆ ಬಂದರೆ ನನ್ನದೇ ನೆನಪಾಗೋದು. ನನಗೆ ಆಗ ಬೆನ್ನು ಮುಟ್ಟಿದರೆ ಸಿಟ್ಟು ಬರ್ತಿತ್ತು ಅಂತ ಅವರ ಬೆನ್ನನ್ನೂ ಮುಟ್ಟದೆ ದೂರ ನಿಂತಿದ್ದೀನಿ. ಅವರಿಗೆ ಮುಟ್ಟೋದೇ ಬೇಕಾಗಿತ್ತು. ಮಕ್ಕಳಿಲ್ಲದ ಒಳ್ಳೆ ಡೌಲಾಗಳನ್ನ ಕಣ್ಣಾರೆ ಕಂಡಿದೀನಿ. ಅವರು ಊಹೆ ಮಾಡಲ್ಲ, ಕೇಳ್ತಾರೆ. ನಿಮ್ಮ ತಂಗಿ ನಿಮ್ಮ ಮುಖ ನೋಡಿ ಉಸಿರು ಬಿಟ್ಟಳು ಅಂದ್ರಲ್ಲ, ಆ ಹನ್ನೊಂದು ಗಂಟೆ ನೀವು ಮಾಡಿದ್ದೇ ಈ ಕೆಲಸದ ತಿರುಳು.

ಇದು ನಾನು ಸಮಾಧಾನಕ್ಕೆ ಹೇಳ್ತಿರೋ ಮಾತಲ್ಲ. ಡೌಲಾ ವಿಷಯದ ಹೆಸರಾದ ಮೊದಲ ಅಧ್ಯಯನ 1980ರಲ್ಲಿ ಪ್ರಕಟ ಆಯ್ತು, ಗ್ವಾಟೆಮಾಲಾದ ಒಂದು ಆಸ್ಪತ್ರೆಯಲ್ಲಿ ಮಾಡಿದ್ದು. ಜಾನ್ ಕೆನೆಲ್, ಮಾರ್ಷಲ್ ಕ್ಲಾಸ್ ಅನ್ನೋ ಇಬ್ಬರು ಮಕ್ಕಳ ಡಾಕ್ಟರು ಆ ತಂಡದಲ್ಲಿದ್ದರು. ಅಲ್ಲಿ ಬಸುರಿಯರ ಜೊತೆ ಕೂತ ಹೆಂಗಸರು ನರ್ಸುಗಳಲ್ಲ, ಸೂಲಗಿತ್ತಿಯರೂ ಅಲ್ಲ, ಸಾಮಾನ್ಯ ಹೆಂಗಸರು. ತಾಯಿಗೆ ಅವರ ಪರಿಚಯವೇ ಇರಲಿಲ್ಲ, ಆಸ್ಪತ್ರೆಗೆ ಬಂದ ಮೇಲೆ ಭೇಟಿ. ಅವರು ಮಾಡಿದ್ದು ಬೆನ್ನು ಉಜ್ಜೋದು, ಕೈ ಹಿಡಿಯೋದು, ಮಾತಾಡಿಸೋದು. ಹಾಗೆ ಜೊತೆಗಾತಿ ಇದ್ದವರಿಗೆ ದಾಖಲಾದಾಗಿನಿಂದ ಹೆರಿಗೆ ಆಗೋವರೆಗೆ ಹಿಡಿದ ಸಮಯ ಒಂಟಿಯಾಗಿ ಇದ್ದವರ ಅರ್ಧಕ್ಕಿಂತಲೂ ಕಡಿಮೆ. ಚಿಕ್ಕ ಅಧ್ಯಯನ ಅದು. ಆದರೆ ಇದೇ ಕೆಲಸದಿಂದ ಮುಂದೆ 1992ರಲ್ಲಿ ಕ್ಲಾಸ್, ಕೆನೆಲ್, ಫಿಸಿಯೋಥೆರಪಿಸ್ಟ್ ಪೆನ್ನಿ ಸಿಮ್ಕಿನ್ ಮೊದಲಾದವರು ಸೇರಿ ಡೌಲಾಗಳಿಗೆ ತರಬೇತಿ, ಪ್ರಮಾಣಪತ್ರ ಕೊಡೋ ಇವತ್ತಿನ ಡೋನಾ ಇಂಟರ್‌ನ್ಯಾಷನಲ್ ಸಂಸ್ಥೆ ಕಟ್ಟಿದ್ದು. ಅಂದ್ರೆ ತರಬೇತಿ ಸಂಸ್ಥೆಗಳಿಗೆ ಮುಂಚೆಯೇ ಈ ಕೆಲಸ ಇತ್ತು. ಇದನ್ನ ನೆನಪಲ್ಲಿಟ್ಟುಕೊಂಡು ಕೋರ್ಸ್ ನೋಡಿ.

ಹಾಗಾದರೆ ತರಬೇತಿ ಯಾತಕ್ಕೆ? ನನ್ನ ಮೊದಲ ಹೆರಿಗೆಯ ಕಥೆ ಹೇಳಿದರೆ ಗೊತ್ತಾಗುತ್ತೆ.

ನಾನು ಮೊದಲು ತಗೊಂಡಿದ್ದು ನಿಮ್ಮ ಎರಡನೇ ಕೋರ್ಸ್ ತರಹದ್ದೇ. ಹೆಸರು ಹೇಳಲ್ಲ. ನಲವತ್ತು ವಿಡಿಯೊ, ಎಲ್ಲಾ ಪ್ರಶ್ನೆಗೂ ಸರಿ ಉತ್ತರ ಕೊಟ್ಟೆ, ಚಂದದ ಸರ್ಟಿಫಿಕೇಟ್ ಬಂತು. ನನ್ನ ಮೊದಲ ತಾಯಿಗೆ ಬೇನೆ ಪೂರ್ತಿ ಬೆನ್ನಲ್ಲೇ. ನಾನು ವಿಡಿಯೊದಲ್ಲಿ ನೋಡಿದ ಹಾಗೆ ಸೊಂಟದ ಹತ್ತಿರ ಎರಡೂ ಹೆಬ್ಬೆರಳು ಊರಿ ಒತ್ತಿದೆ. ಅವರು "ಕೆಳಗೆ" ಅಂದರು. ಸ್ವಲ್ಪ ಕೆಳಗೆ ಒತ್ತಿದೆ. "ಇನ್ನೂ ಕೆಳಗೆ." ಎಷ್ಟು ಕೆಳಗೆ ಅಂತ ನನಗೆ ಗೊತ್ತಾಗ್ತಿಲ್ಲ, ಅವರಿಗೆ ಹೇಳೋಷ್ಟು ಉಸಿರಿಲ್ಲ. ಹೀಗೇ ಎರಡು ಗಂಟೆ. ಆಮೇಲೆ ನನ್ನ ಬಲಗೈ ಹೆಬ್ಬೆರಳು ಜೋಮು ಹಿಡಿದು ಬಟ್ಟೆ ಗುಂಡಿ ಹಾಕೋಕೂ ಆಗದ ಹಾಗೆ ಆಯ್ತು. ಅವರಿಗೆ ಇನ್ನೂ ಆರು ಗಂಟೆ ಬೇನೆ ಬಾಕಿ ಇತ್ತು. ಆ ಆರು ಗಂಟೆ ನಾನು ಪಕ್ಕದಲ್ಲಿ ಕೂತಿದ್ದೆ, ಆದರೆ ಅವರು ಕೇಳಿದ್ದನ್ನ ಕೊಡೋಕೆ ನನ್ನ ಕೈಯಲ್ಲಿ ಆಗಲಿಲ್ಲ. ಇವತ್ತಿಗೂ ಅದು ನನಗೆ ನೋವಿನ ವಿಷಯ.

ಒಂದು ವರ್ಷ ಆದ ಮೇಲೆ ಎರಡನೇ ತರಬೇತಿಗೆ ಸೇರಿದೆ. ಮೊದಲ ದಿನವೇ ಗುರುಗಳು ನೆಲದ ಮೇಲೆ ಮಂಡಿ ಊರಿ, ಕುರ್ಚಿಗೆ ತಲೆ ಆನಿಸಿ, "ಒತ್ತಿ ತೋರಿಸಿ" ಅಂದರು. ನಾನು ಹೆಬ್ಬೆರಳು ಇಟ್ಟೆ. ತಿರುಗಿ ನೋಡದೇ ನನ್ನ ಕೈ ಹಿಡಿದು ಕೆಳಗೆ ತಂದು, ಬೆನ್ನುಮೂಳೆ ಮುಗಿದು ತ್ರಿಕೋನ ಆಗೋ ಮೂಳೆ ಇದೆಯಲ್ಲ, ಅದರ ಮೇಲೆ ನನ್ನ ಅಂಗೈ ಬುಡ ಇಟ್ಟರು. "ಮೊಣಕೈ ನೆಟ್ಟಗೆ ಮಾಡಿ. ಈಗ ಕೈಯಿಂದ ಒತ್ತಬೇಡಿ, ನನ್ನ ಕಡೆ ವಾಲಿ." ವಾಲಿದೆ ಅಷ್ಟೇ. ತೋಳಿಗೆ ಆಯಾಸವೇ ಇಲ್ಲ, ನನ್ನ ಮೈಭಾರವೇ ಕೆಲಸ ಮಾಡ್ತಿತ್ತು. ಆಮೇಲೆ ಎರಡೂ ಅಂಗೈಯನ್ನ ಪೃಷ್ಠದ ಎರಡು ಪಕ್ಕ ಇಟ್ಟು ಒಳಕ್ಕೂ ಮೇಲಕ್ಕೂ ಅಮುಕೋದು ಕಲಿಸಿದರು. ಐದು ನಿಮಿಷದ ಪಾಠ. ನಲವತ್ತು ವಿಡಿಯೊ ನೋಡಿ ನನಗೆ ಬಂದಿರಲಿಲ್ಲ, ಯಾಕಂದ್ರೆ ವಿಡಿಯೊ ನನ್ನ ಕೈಯನ್ನ ನೋಡ್ತಿರಲಿಲ್ಲ.

ಆದ್ದರಿಂದ ನಾನು ಮೊದಲು ಕೇಳೋ ಪ್ರಶ್ನೆ ಇದು: ನನ್ನ ಕೈಯನ್ನ ನೋಡಿ ತಿದ್ದೋರು ಯಾರು? ಮೂರು ದಿನದ ಕಾರ್ಯಾಗಾರದಲ್ಲೂ ಮೂವತ್ತು ಜನರನ್ನ ಕೂರಿಸಿ ಸ್ಲೈಡ್ ತೋರಿಸಿ ಕಳಿಸೋರು ಇದ್ದಾರೆ. ಎಷ್ಟು ಜನ ಇರ್ತಾರೆ, ಚಾಪೆ ಹಾಕಿ ಅಭ್ಯಾಸ ಮಾಡಿಸೋದು ಎಷ್ಟು ಹೊತ್ತು ಅಂತ ಕೇಳಿ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಬೆರಳು ನೋವು ವಾಸಿ ಆಯ್ತು. ಈಗ ಹೇಳೋ ಗಾಯ ವಾಸಿ ಆಗಲಿಲ್ಲ.

ಆ ಮೊದಲ ಕೋರ್ಸ್‌ನಲ್ಲಿ ಆಸ್ಪತ್ರೆ ಅಂದ್ರೆ ಶತ್ರು ಅನ್ನೋ ಹಾಗೆ ಹೇಳಿಕೊಟ್ಟಿದ್ದರು. ತಾಯಿಯ ಪರವಾಗಿ ನೀವು ಗೋಡೆ ಥರ ನಿಲ್ಲಬೇಕು ಅಂತ. ನನ್ನ ಮೂರನೇ ಹೆರಿಗೆಯಲ್ಲಿ ಡಾಕ್ಟರು ಬಂದು ಬೇನೆ ನಿಧಾನ ಆಗಿದೆ, ಬೇನೆ ಹೆಚ್ಚಿಸೋ ಡ್ರಿಪ್ ಹಾಕಬಹುದು, ಏನಂತೀರಿ ಅಂತ ತಾಯಿಯನ್ನ ಕೇಳಿದರು. ನಾನೇ ಬಾಯಿ ಹಾಕಿ "ಅವರಿಗೆ ಅದು ಬೇಡ, ಹೆರಿಗೆ ಪ್ಲಾನ್‌ನಲ್ಲಿ ಬರೆದಿದ್ದಾರೆ" ಅಂದೆ. ಕೋಣೆಯಲ್ಲಿ ಎಲ್ಲರೂ ಸುಮ್ಮನಾದರು. ಡಾಕ್ಟರು ಇನ್ನೊಂದು ಗಂಟೆ ಕಾಯೋಣ ಅಂತ ಹೊರಟರು. ಮಗು, ತಾಯಿ ಇಬ್ಬರೂ ಚೆನ್ನಾಗೇ ಇದ್ದರು. ಆದರೆ ಎರಡು ವಾರ ಆದ ಮೇಲೆ ನೋಡೋಕೆ ಹೋದಾಗ ಆ ತಾಯಿ ಮಗುವಿನ ಕಾಲುಚೀಲ ಸರಿ ಮಾಡ್ತಾ, ನನ್ನ ಮುಖ ನೋಡದೇ ಹೇಳಿದರು: "ಆವಾಗ ನಾನು ಹೂಂ ಅನ್ನೋಣ ಅಂತಿದ್ದೆ. ನೀವು ಹೇಳಿಬಿಟ್ಟಿರಿ."

ಅವರ ಬಾಯಿ ಮುಚ್ಚಿಸಿದ್ದು ಡಾಕ್ಟರಲ್ಲ, ನಾನು. ಎರಡನೇ ತರಬೇತಿಯಲ್ಲಿ ಇದಕ್ಕೇ ಅರ್ಧ ದಿನ ಇಟ್ಟಿದ್ದರು. ಡೌಲಾ ಪರೀಕ್ಷೆ ಮಾಡಲ್ಲ, ಬಿ.ಪಿ. ನೋಡಲ್ಲ, ಮಗುವಿನ ಎದೆಬಡಿತ ಕೇಳಲ್ಲ, ಔಷಧಿ ಹೇಳಲ್ಲ, ತಾಯಿಯ ಬದಲು ತೀರ್ಮಾನ ಹೇಳಲ್ಲ. ಡಾಕ್ಟರು ಕೇಳಿದಾಗ ನಾವು ತಾಯಿ ಕಡೆ ತಿರುಗಿ "ಇದರ ಬಗ್ಗೆ ಏನಾದರೂ ಕೇಳಬೇಕಾ? ಯೋಚನೆ ಮಾಡೋಕೆ ಐದು ನಿಮಿಷ ಬೇಕಾ?" ಅಂತೀವಿ, ಅಷ್ಟೇ. ಆ ಐದು ನಿಮಿಷ ಕೊಡಿಸೋದೇ ನಮ್ಮ ಕೈಲಾಗೋ ದೊಡ್ಡ ಉಪಕಾರ. ಡೋನಾದವರು ಈ ಮಿತಿಗಳನ್ನ ಬರೆದೇ ಇಟ್ಟಿದ್ದಾರೆ, ಎಲ್ಲರೂ ಓದಬಹುದು. ಯಾವ ಕೋರ್ಸಿಗೆ ಸೇರಿದರೂ ಅವರ ನಿಯಮಗಳನ್ನ ಮೊದಲೇ ತರಿಸಿ ಓದಿ. ಬರೆದಿಟ್ಟದ್ದೇ ಇಲ್ಲ ಅಂದರೆ ಆ ಕೋರ್ಸ್ ಬಿಡಿ. ಎಪಿಡ್ಯೂರಲ್ (ನೋವು ಗೊತ್ತಾಗದ ಹಾಗೆ ಬೆನ್ನಿಗೆ ಕೊಡೋ ಔಷಧಿ) ತಗೊಂಡವರನ್ನ, ಸಿಸೇರಿಯನ್ ಆದವರನ್ನ ಸೋತವರ ಥರ ಮಾತಾಡೋ ಕಡೆಗಂತೂ ಹೋಗಲೇಬೇಡಿ.

ಪ್ರಮಾಣಪತ್ರದ ವಿಷಯ: ಹೆಚ್ಚಿನ ದೇಶಗಳಲ್ಲಿ ಡೌಲಾ ಆಗೋಕೆ ಸರ್ಕಾರದ ಪರವಾನಗಿ ಅಂತ ಇಲ್ಲ. ತರಬೇತಿ ಮುಗಿಸಿದ್ದು ಬೇರೆ, ಪ್ರಮಾಣಪತ್ರ ಪಡೆದಿದ್ದು ಬೇರೆ. ದೊಡ್ಡ ಸಂಸ್ಥೆಗಳಲ್ಲಿ ಕಾರ್ಯಾಗಾರ ಆದ ಮೇಲೆ ಓದಬೇಕು, ಹೆರಿಗೆಗಳಿಗೆ ಹೋಗಬೇಕು, ಆ ತಾಯಂದಿರಿಂದ, ಆಸ್ಪತ್ರೆಯವರಿಂದ ಅಭಿಪ್ರಾಯ ಬರೆಸ್ಕೊಂಡು ಬರಬೇಕು. ಕೆಲವು ವರ್ಷಕ್ಕೊಮ್ಮೆ ನವೀಕರಣ. ಅದರ ಖರ್ಚನ್ನೂ ಮೊದಲೇ ಕೇಳಿ. ಹಾಗಿದ್ದೂ ಒಂಬತ್ತು ವರ್ಷದಲ್ಲಿ ನನ್ನ ಸರ್ಟಿಫಿಕೇಟ್ ತೋರಿಸಿ ಅಂದ ತಾಯಂದಿರು ಇಬ್ಬರೋ ಮೂವರೋ. ಎಲ್ಲರೂ ಕೇಳೋದು "ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತುತ್ತೀರಾ" ಅಂತ.

ನನ್ನನ್ನ ಕೇಳಿದರೆ ಮೂರನೆಯದು. ಆದರೆ ಸೇರೋ ಮುಂಚೆ ಆ ಹಿರಿಯರ ಹತ್ತಿರ ಕಲಿತ ಇಬ್ಬರ ಜೊತೆ ಮಾತಾಡಿ.

ಲೇಬರ್‌ವಾರ್ಡ್ ಸಿಸ್ಟರ್ ಉತ್ತರ

ಹದಿನಾಲ್ಕು ವರ್ಷದಿಂದ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಮೇಲೆ ಬರೆದ ಅಕ್ಕನ ಡ್ರಿಪ್ ಪ್ರಸಂಗ ಓದಿ ಮನಸ್ಸಿಗೆ ಹಿತ ಆಯಿತು. ಇಷ್ಟು ನೇರವಾಗಿ ಒಪ್ಪಿಕೊಳ್ಳುವವರು ಕಡಿಮೆ.

ನಮ್ಮ ಕಡೆಯಿಂದ ಒಂದೆರಡು ಮಾತು. ದುಡ್ಡು ಕಟ್ಟುವ ಮೊದಲು ನೀವು ಕೆಲಸ ಮಾಡಬೇಕೆಂದಿರುವ ಆಸ್ಪತ್ರೆಗಳಿಗೆ ಹೋಗಿ ವಿಚಾರಿಸಿ. ಡೌಲಾಗೆ ಒಳಗೆ ಬಿಡುತ್ತೀರಾ, ಗಂಡನ ಜೊತೆಗೆ ಇನ್ನೊಬ್ಬರಿಗೂ ಅವಕಾಶ ಇದೆಯಾ, ಯಾವುದಾದರೂ ಪ್ರಮಾಣಪತ್ರ ಕೇಳುತ್ತೀರಾ, ಆಪರೇಷನ್ ಥಿಯೇಟರಿಗೆ ಬಿಡುತ್ತೀರಾ. ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸಿನಲ್ಲಿ ಹೆರಿಗೆಯ ಹೊತ್ತಿನಲ್ಲಿ ತಾಯಿ ತಾನೇ ಆರಿಸಿಕೊಂಡವರು ಜೊತೆಗಿರಬೇಕು ಅಂತ ಸ್ಪಷ್ಟವಾಗಿ ಹೇಳಿದೆ. ಆದರೂ ಬಾಗಿಲಲ್ಲಿ ನಿಂತಾಗ ನಡೆಯುವುದು ಆಯಾ ಆಸ್ಪತ್ರೆಯ ನಿಯಮವೇ. ಅಮೆರಿಕದ ಒರೆಗಾನ್, ಮಿನ್ನೆಸೋಟ ತರಹದ ರಾಜ್ಯಗಳಲ್ಲಿ ಸರ್ಕಾರಿ ವಿಮೆಯಿಂದ ಡೌಲಾಗೆ ಹಣ ಸಿಗಬೇಕಾದರೆ ಇಂಥ ತರಬೇತಿ ಆಗಿರಬೇಕು ಅಂತ ನಿಯಮ ಇದೆ. ಅಂಥ ಕಡೆ ಇರುವವರು ಅಲ್ಲಿನ ಪಟ್ಟಿ ನೋಡಿಕೊಂಡೇ ಕೋರ್ಸ್ ಆರಿಸಬೇಕು, ಬೇರೆ ದಾರಿಯಿಲ್ಲ.

ಡೌಲಾ ಬೇಕಾ ಅಂತ ನಮ್ಮಲ್ಲೇ ಕೇಳುವವರು ಇದ್ದಾರೆ. ಅವರಿಗೆ ನಾನು ಹೇಳುವುದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಮಾಡಿದ 1991ರ ಅಧ್ಯಯನ. ಕೆನೆಲ್ ಅವರದ್ದೇ. ಡೌಲಾ ಜೊತೆಗಿದ್ದವರಲ್ಲಿ ಸಿಸೇರಿಯನ್ ಶೇ. 8, ಯಾರೂ ಇಲ್ಲದವರಲ್ಲಿ ಶೇ. 18. ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಂಡದ್ದು ಮಧ್ಯದ ಗುಂಪು. ಅಲ್ಲಿ ಒಬ್ಬ ಹೆಂಗಸು ಕೋಣೆಯಲ್ಲಿ ದೂರ ಕೂತು ಸುಮ್ಮನೆ ಬರೆದುಕೊಳ್ಳುತ್ತಿದ್ದಳು, ತಾಯಿಯ ಜೊತೆ ಮಾತಿಲ್ಲ, ಮುಟ್ಟುವುದಿಲ್ಲ. ಆ ಗುಂಪಿನಲ್ಲಿ ಶೇ. 13. ಒಬ್ಬರು ಕೋಣೆ ಬಿಟ್ಟು ಹೋಗದೆ ಇದ್ದುದಕ್ಕೇ ಅಷ್ಟು ವ್ಯತ್ಯಾಸ. ನಾವು ನರ್ಸುಗಳು ಒಂದೇ ಹೊತ್ತಿಗೆ ಮೂರು ನಾಲ್ಕು ಹಾಸಿಗೆ ನೋಡಬೇಕು, ಪಾಳಿ ಮುಗಿದರೆ ಹೊರಡಬೇಕು. ಬಿಡದೆ ಕೂರುವುದು ನಮ್ಮ ಕೈಲಿಲ್ಲ. ಅದು ನಿಮ್ಮ ಕೈಲಿದೆ.

ಹಾಗಾಗಿ ಕೋರ್ಸಿನವರನ್ನು ಇದನ್ನೂ ಕೇಳಿ: ನರ್ಸುಗಳ ಜೊತೆ ಕೆಲಸ ಮಾಡುವುದನ್ನು ಕಲಿಸುತ್ತೀರಾ? ಒಳಗೆ ಬಂದ ಕೂಡಲೇ ಹೆಸರು ಹೇಳಿ ಪರಿಚಯ ಮಾಡಿಕೊಂಡು, "ನಾನು ಎಲ್ಲಿ ನಿಂತರೆ ನಿಮಗೆ ಅಡ್ಡ ಆಗಲ್ಲ ಸಿಸ್ಟರ್" ಅಂತ ಕೇಳುವ ಡೌಲಾಗೆ ನಾನು ಕುರ್ಚಿ ನಾನೇ ತಂದು ಹಾಕುತ್ತೇನೆ.

ಮಧ್ಯಾಹ್ನದ ಓದು ಉತ್ತರ

ನಾನು ಸ್ವಲ್ಪ ಬೇರೆ ಅಭಿಪ್ರಾಯ ಹೇಳ್ತೀನಿ. ಬೆಳಗಿನಜಾವ ಅವರ ಅನುಭವ ನಿಜ, ಆದರೆ ಆನ್‌ಲೈನ್ ಅಂದ ಕೂಡಲೇ ಬಿಡಬೇಕು ಅನ್ನೋದನ್ನ ಒಪ್ಪಲ್ಲ.

ನನಗೆ ಚಿಕ್ಕ ಮಕ್ಕಳು ಇಬ್ಬರು, ಹತ್ತಿರದಲ್ಲಿ ಯಾವ ಕಾರ್ಯಾಗಾರವೂ ಇಲ್ಲ. ಮಧ್ಯಾಹ್ನ ಮಕ್ಕಳು ಮಲಗಿದ ಒಂದೂವರೆ ಗಂಟೆಯಲ್ಲಿ ಓದಿ ಎಂಟು ತಿಂಗಳಲ್ಲಿ ಮುಗಿಸಿದೆ. ನಾನು ಆರಿಸಿದ್ದು ವಿಡಿಯೊ ನೋಡಿ ಟಿಕ್ ಮಾಡೋ ಥರದ್ದಲ್ಲ. ಪ್ರತಿ ಪಾಠಕ್ಕೂ ಬರೆದು ಕಳಿಸಬೇಕು, ಒಬ್ಬ ಶಿಕ್ಷಕಿ ಅದನ್ನ ಓದಿ ವಾಪಸ್ ಬರೀತಿದ್ದರು. ಎರಡು ಸಲ ನನ್ನ ಉತ್ತರವನ್ನ "ಇದು ಪುಸ್ತಕದ ಮಾತು, ನೀವಾಗಿದ್ದರೆ ಆ ಕ್ಷಣದಲ್ಲಿ ಏನು ಹೇಳ್ತಿದ್ದಿರಿ" ಅಂತ ಹಿಂತಿರುಗಿಸಿದರು. ಅವಳಿ ಮಕ್ಕಳಲ್ಲಿ ಒಂದನ್ನ ಕಳಕೊಂಡ ತಾಯಿಯ ಬಗ್ಗೆ ಒಂದು ಪಾಠ ಇತ್ತು. ಅದನ್ನ ಒಂದು ವಾರ ಬರೆಯೋಕೇ ಆಗಲಿಲ್ಲ, ಬರೆದ ಮೇಲೆ ಶಿಕ್ಷಕಿ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದರು. ಮಗು ಉಳಿಯದ ಹೆರಿಗೆಯ ಬಗ್ಗೆ ಕಲಿಸದ ಕೋರ್ಸ್ ಆನ್‌ಲೈನೇ ಆಗಲಿ, ಎದುರಿಗೇ ಆಗಲಿ, ಅರ್ಧ ಕೋರ್ಸ್. ನಿಮ್ಮ ಮೂರನ್ನೂ ಈ ಒಂದು ಪ್ರಶ್ನೆ ಕೇಳಿ ನೋಡಿ.

ಕೈ ಕೆಲಸಕ್ಕೆ ಪರಿಚಯದ ಡೌಲಾ ಒಬ್ಬರ ಮನೆಗೆ ನಾಲ್ಕು ಭಾನುವಾರ ಹೋದೆ. ಎರಡನ್ನೂ ಸೇರಿಸಿದರೆ ಆಗುತ್ತೆ.

ಇನ್ನೊಂದು, ನೀವು ಯಾವ ಡೌಲಾ ಅಂತ ಹೇಳಿಲ್ಲ. ಹೆರಿಗೆಯ ಡೌಲಾ ಬೇರೆ, ಬಾಣಂತನದ ಡೌಲಾ ಬೇರೆ, ತರಬೇತಿಯೂ ಬೇರೆ ಬೇರೆ. ನಾನು ಕೊನೆಗೆ ಬಾಣಂತನದ ಕಡೆ ಬಂದೆ. ಅದರಲ್ಲಿ ಬೆಳಗ್ಗೆ ಹೋಗಿ ಸಂಜೆ ಬರಬಹುದು. ಹಾಲೂಡಿಸೋಕೆ ಕೂರಿಸೋದು, ತಾಯಿ ಒಂದು ಗಂಟೆ ನಿದ್ದೆ ಮಾಡೋ ಹಾಗೆ ನೋಡಿಕೊಳ್ಳೋದು, ಅವಳ ಮನಸ್ಸು ಕುಗ್ಗುತ್ತಿದೆಯಾ ಅಂತ ಗಮನಿಸಿ ಸರಿಯಾದವರ ಹತ್ತಿರ ಕಳಿಸೋದು. ಹೆರಿಗೆಯ ಡೌಲಾ ಆದರೆ ಒಬ್ಬೊಬ್ಬ ತಾಯಿಗೂ 38ನೇ ವಾರದಿಂದ ಸುಮಾರು 42ನೇ ವಾರದವರೆಗೆ ಹಗಲು ರಾತ್ರಿ ಕರೆಗೆ ಸಿದ್ಧ ಇರಬೇಕು. ನಿಮ್ಮ ಲೆಕ್ಕಪತ್ರದ ಕೆಲಸದವರು ಬುಧವಾರ ಹನ್ನೊಂದು ಗಂಟೆಗೆ ಎದ್ದು ಹೋಗೋಕೆ ಬಿಡ್ತಾರಾ?

ಬೆಳಗಿನಜಾವ ಉತ್ತರ

ಮಧ್ಯಾಹ್ನದ ಓದು ಅವರೇ, ನೀವು ಹೇಳಿದ್ದು ಸರಿ. ನಾನು ಆನ್‌ಲೈನ್ ಅಂತ ಒಂದೇ ಮಾತಲ್ಲಿ ತಳ್ಳಿಹಾಕಬಾರದಿತ್ತು. ನಿಮ್ಮ ಶಿಕ್ಷಕಿ ನಿಮ್ಮ ಉತ್ತರವನ್ನ ಹಿಂತಿರುಗಿಸಿದರಲ್ಲ, ಅದೇ ನಾನು ಹುಡುಕಿ ಅನ್ನೋದು. ನನ್ನ ಕೋರ್ಸಿನಲ್ಲಿ ಯಾರೂ ಏನೂ ಹಿಂತಿರುಗಿಸಲಿಲ್ಲ. ಸಾವಿನ ಪಾಠದ ವಿಷಯ ನಾನು ಬರೆಯೋಕೆ ಮರೆತೆ, ಅದು ಮರೆಯೋ ವಿಷಯವೇ ಅಲ್ಲ. ನನ್ನ ಒಂಬತ್ತು ವರ್ಷದಲ್ಲಿ ಎರಡು ಸಲ ಬಂದಿದೆ. ಎರಡನೇ ಸಲ ಮನೆಗೆ ಬಂದು ನನ್ನ ಗುರುಗಳಿಗೆ ಬೆಳಗ್ಗೆ ಐದಕ್ಕೆ ಫೋನ್ ಮಾಡಿದೆ. ಎತ್ತಿದರು. ತರಬೇತಿ ಮುಗಿದು ಆಗ ಆರು ವರ್ಷ ಆಗಿತ್ತು.

ಆನ್‌ಕಾಲ್ ವಿಷಯಕ್ಕೆ ಒಂದು ಸೇರಿಸ್ತೀನಿ. ಒಬ್ಬರೇ ಇರಬೇಡಿ. ನಿಮಗೆ ಜ್ವರ ಬರುತ್ತೆ, ಇಬ್ಬರಿಗೆ ಒಂದೇ ರಾತ್ರಿ ಬೇನೆ ಶುರುವಾಗುತ್ತೆ. ಬದಲಿ ಡೌಲಾ ಇರಬೇಕು, ತಾಯಿಗೆ ಅವರ ಮುಖ ಮೊದಲೇ ಪರಿಚಯ ಇರಬೇಕು. ಗುಂಪಿನಲ್ಲಿ ಕಲಿತರೆ ಜೊತೆಯಲ್ಲಿ ಕಲಿತವರೇ ಬದಲಿ ಆಗ್ತಾರೆ. ನನ್ನ ಬದಲಿ ಇವತ್ತಿಗೂ ಆ ಎರಡನೇ ತರಬೇತಿಯಲ್ಲಿ ನನ್ನ ಪಕ್ಕದ ಚಾಪೆಯಲ್ಲಿದ್ದವಳೇ.

ಎರಡು ಮಕ್ಕಳ ತಾಯಿ ಉತ್ತರ

ನಾನು ಡೌಲಾ ಅಲ್ಲ. ಎರಡನೇ ಹೆರಿಗೆಗೆ ಡೌಲಾ ಇಟ್ಟುಕೊಂಡಿದ್ದೆ, ಅಷ್ಟೇ ನನ್ನ ಅನುಭವ.

ಮೊದಲ ಹೆರಿಗೆಯಲ್ಲಿ ನನ್ನ ಗಂಡ ಗೋಡೆಗೆ ಒರಗಿ ನಿಂತಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಪಾಪ, ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಲಿಲ್ಲ. ಎರಡನೇ ಸಲ ಡೌಲಾ ನನ್ನ ಹತ್ತಿರ ಇದ್ದದ್ದಕ್ಕಿಂತ ಅವರನ್ನು ನನ್ನ ಹತ್ತಿರ ತಂದದ್ದು ಹೆಚ್ಚು ನೆನಪಿದೆ. "ನೀವು ಇಲ್ಲಿ ಕೂತ್ಕೊಳ್ಳಿ, ಅವರ ಹಣೆ ನಿಮ್ಮ ಭುಜಕ್ಕೆ ಬರಲಿ" ಅಂತ ಮೆಲ್ಲಗೆ ಹೇಳಿ ತಾವು ಹಿಂದಿನಿಂದ ಬೆನ್ನು ಒತ್ತಿದರು. ಕೊನೆಗೆ ಸಿಸೇರಿಯನ್ ಆಯಿತು. ಮಗುವನ್ನು ಪಕ್ಕದ ಮೇಜಿಗೆ ಒಯ್ದಾಗ ಗಂಡ ಮಗುವಿನ ಹಿಂದೆ ಹೋದರು, ಡೌಲಾ ನನ್ನ ತಲೆಯ ಹತ್ತಿರ ಉಳಿದರು. ನನಗೆ ಏನೂ ಕಾಣುತ್ತಿರಲಿಲ್ಲ. "ಈಗ ಒರೆಸ್ತಾ ಇದ್ದಾರೆ. ಕೈ ಅಗಲಿಸಿದೆ. ನಿಮ್ಮವರು ಬೆರಳು ಕೊಟ್ಟರು, ಹಿಡ್ಕೊಂಡಿದೆ" ಅಂತ ಒಂದೊಂದೇ ಹೇಳುತ್ತಾ ಹೋದರು. ನನ್ನ ಮಗಳನ್ನು ನಾನು ಮೊದಲು ನೋಡಿದ್ದು ಅವರ ಮಾತಿನಲ್ಲಿ.

ಸಿಸೇರಿಯನ್ ಹೊತ್ತಿನಲ್ಲಿ ಏನು ಮಾಡಬೇಕು, ಹೆರುವವಳ ಗಂಡನನ್ನೋ ಅಮ್ಮನನ್ನೋ ಹೇಗೆ ಜೊತೆಗೆ ಸೇರಿಸಿಕೊಳ್ಳಬೇಕು ಅಂತ ಕಲಿಸುವ ಕಡೆ ಕಲಿಯಿರಿ.

ಹೊಸಹೆಜ್ಜೆ ಉತ್ತರ

ಎಲ್ಲರಿಗೂ ತುಂಬ ಧನ್ಯವಾದ. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ನೀವು ಹೇಳಿದ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಪುಸ್ತಕದಲ್ಲಿ ಬರೆದುಕೊಂಡು ಮೂರೂ ಕಡೆ ಕೇಳಿದೆ.

ಆನ್‌ಲೈನ್ ಕೋರ್ಸಿನವರು ಬರೆದದ್ದು ನೋಡುವ ಶಿಕ್ಷಕರು ಇಲ್ಲ, ಪ್ರಶ್ನೆಗಳಿಗೆ ಕಂಪ್ಯೂಟರೇ ಅಂಕ ಕೊಡುತ್ತದೆ ಅಂದರು. ಅಲ್ಲಿಗೆ ಅದು ಮುಗಿಯಿತು. ಕಾರ್ಯಾಗಾರದವರು ಚೆನ್ನಾಗಿ ಮಾತಾಡಿದರು, ಹನ್ನೆರಡೇ ಜನ, ಅರ್ಧಕ್ಕಿಂತ ಹೆಚ್ಚು ಹೊತ್ತು ಕೈಯಿಂದ ಮಾಡುವ ಅಭ್ಯಾಸ. ನಿಯಮಗಳನ್ನೂ ಅವತ್ತೇ ಕಳಿಸಿದರು. ಆಮೇಲೆ ಆ ಹಿರಿಯರಿಗೆ ಫೋನ್ ಮಾಡಿದೆ. ಮಗು ಉಳಿಯದ ಹೆರಿಗೆಯ ಬಗ್ಗೆ ಕೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದನ್ನ ನಾನು ನಾಲ್ಕನೇ ತಿಂಗಳಲ್ಲಿ ಹೇಳಿಕೊಡ್ತೀನಿ. ಅಷ್ಟು ಹೊತ್ತಿಗೆ ನೀವು ನನ್ನ ಹತ್ತಿರ ಅಳಬಹುದು ಅನ್ನೋಷ್ಟು ಪರಿಚಯ ಆಗಿರ್ತೀವಿ" ಅಂದರು. ಅವರಲ್ಲಿ ಕಲಿತ ಇಬ್ಬರ ಜೊತೆಗೂ ಮಾತಾಡಿದೆ. ಆ ಹಿರಿಯರ ಹತ್ತಿರವೇ ಕಲಿಯುವುದು ಅಂತ ತೀರ್ಮಾನ ಮಾಡಿದ್ದೇನೆ. ಅವರಲ್ಲಿ ಮುಗಿಸಿ ಒಂದೆರಡು ವರ್ಷ ಕೆಲಸ ಮಾಡಿದ ಮೇಲೆ ಕಾರ್ಯಾಗಾರಕ್ಕೂ ಹೋಗುತ್ತೇನೆ.

ಸಿಸ್ಟರ್, ಆಸ್ಪತ್ರೆಗಳಿಗೂ ಹೋಗಿ ಬಂದೆ. ಎರಡು ಕಡೆ ಬಿಡುತ್ತಾರೆ, ಒಂದು ಕಡೆ ಇಲ್ಲ ಅಂದರು. ಕೆಲಸದಲ್ಲಿ ಇನ್ನೂ ಮಾತಾಡಿಲ್ಲ, ವಾರದಲ್ಲಿ ಮೂರು ದಿನದ ಕೆಲಸಕ್ಕೆ ಕೇಳಬೇಕೆಂದಿದ್ದೇನೆ.

ಅಕ್ಕ, ನೀವು ಬರೆದ ಹಾಗೆ ಮೊನ್ನೆ ತಂಗಿಯ ಬೆನ್ನಿನ ಮೇಲೆ ಅಂಗೈ ಇಟ್ಟು ವಾಲಿ ನೋಡಿದೆ. "ಇನ್ನೂ ಸ್ವಲ್ಪ ಕೆಳಗೆ" ಅಂದಳು. ಸರಿಸಿದೆ. "ಹಾಂ, ಅಲ್ಲೇ. ಅವತ್ತು ಇದು ಗೊತ್ತಿದ್ದಿದ್ದರೆ" ಅಂದಳು.

ಬೆಳಗಿನಜಾವ ಉತ್ತರ

ಬಹಳ ಸಂತೋಷ ಆಯ್ತು ತಂಗಿ. ಮೊದಲ ದಿನಕ್ಕೆ ಹೋಗೋ ಮುಂಚೆ ಉಗುರು ಚಿಕ್ಕದಾಗಿ ಕತ್ತರಿಸ್ಕೊಳ್ಳಿ, ಉಂಗುರ ಬಿಚ್ಚಿಟ್ಟು ಹೋಗಿ. ಅಭ್ಯಾಸಕ್ಕೆ ಬೆನ್ನು ಕೊಟ್ಟವರಿಗೆ ಚುಚ್ಚುತ್ತೆ.